ಮಾಜಿ ಕಹಿಬೇರು

ನಮ್ಮ ಸಂಸ್ಥೆಯ ನಿಯಮಾವಳಿಯ ಪ್ರಕಾರ ಯಾವ ವಸ್ತುವಿಗೆ ಯಾವ ರುಚಿ ಎಂಬುದನ್ನು ತೀರ್ಮಾನಿಸುವ ಅಧಿಕಾರ ಒಂದೇ ಒಂದು ನಾಲಿಗೆಗೆ ಇರತಕ್ಕದ್ದು. ಆ ನಾಲಿಗೆ ಯಾರ ಬಾಯಲ್ಲಿದೆಯೋ ಅವರನ್ನು ನಾವು ರುಚಿ ಮೇಷ್ಟ್ರು ಎನ್ನುತ್ತೇವೆ. ನಿಯಮಾವಳಿಯನ್ನು ಬರೆದವನು ನಾನು. ಸಂಸ್ಥೆಯಲ್ಲಿ ನಿಯಮ ಶಾಖೆ ಎಂದರೆ ನಾನೊಬ್ಬನೇ. ನನಗೆ ಒಂದು ಮೇಜು, ಒಂದು ಬೀರು, ಅರ್ಧ ಕಿಟಕಿ ಕೊಟ್ಟಿದ್ದಾರೆ. ಕಿಟಕಿಯ ಉಳಿದರ್ಧ ಲೆಕ್ಕಪತ್ರ ಶಾಖೆಗೆ ಸೇರಿದ್ದರಿಂದ ಅದನ್ನು ತೆರೆಯಬೇಕಾದರೆ ಇಬ್ಬರಿಗೂ ಒಟ್ಟಿಗೆ ಸೆಖೆಯಾಗಬೇಕು.

ಗಿಡ, ಪ್ರಾಣಿ, ಕಲ್ಲು, ಮಣ್ಣು ಇವುಗಳಿಂದ ಬರುವ ಔಷಧಗಳನ್ನು ಗುರುತು ಹಿಡಿಯಲು ಕಲಿಸುವುದು, ಆಸ್ಪತ್ರೆಗಳಿಗೆ ಹೋಗುವ ಮಾಲನ್ನು ಪರೀಕ್ಷಿಸಿ ಪಾಸು ಮಾಡುವುದು ನಮ್ಮ ಸಂಸ್ಥೆಯ ಕೆಲಸ. ಮೊದಲ ವರ್ಷದ ಪಾಠಕ್ಕೆ ‘ನಿಸರ್ಗಮೂಲ ಔಷಧಗಳ ಅಧ್ಯಯನಕ್ಕೆ ಪ್ರವೇಶ’ ಎಂದು ಹೆಸರು. ಗುಳಿಗೆಯಾದರೆ ಹೆಸರು ಮುದ್ರಿಸಿಕೊಂಡೇ ಬರುತ್ತದೆ. ಬೇರು, ತೊಗಟೆ, ಬೀಜಗಳಿಗೆ ಆ ಬುದ್ಧಿ ಇಲ್ಲ. ಒಂದು ಒಣಗಿದ ಬೇರು ಇನ್ನೊಂದು ಒಣಗಿದ ಬೇರಿನ ಹಾಗೆಯೇ ಕಾಣುತ್ತದೆ, ಅದರಲ್ಲೂ ಮಾರುವವನ ಕೈಯಲ್ಲಿ. ಆದ್ದರಿಂದ ಬಣ್ಣ ನೋಡಬೇಕು, ಮೂಸಬೇಕು, ಮುರಿಯಬೇಕು, ಮುರಿದ ಜಾಗ ನಾರು ನಾರಾಗಿದೆಯೋ ನುಣುಪಾಗಿದೆಯೋ ಬೆರಳಾಡಿಸಬೇಕು, ಕೊನೆಗೆ ಚೂರು ಅಗಿದು ರುಚಿ ಹೇಳಬೇಕು. ಬೇರೆ ಪರೀಕ್ಷೆಗಳನ್ನು ಯಾರು ಬೇಕಾದರೂ ಮಾಡಬಹುದು. ರುಚಿ ಮಾತ್ರ ಮೇಷ್ಟ್ರದು.

ರುಚಿ ನೋಡುವ ಯಂತ್ರವೂ ನಮ್ಮಲ್ಲಿದೆ. ಅದು ಬಂದ ಪೆಟ್ಟಿಗೆಯ ಮೇಲೆ ‘ತಲೆಕೆಳಗು ಮಾಡಬಾರದು’ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಪೆಟ್ಟಿಗೆ ತಲೆಕೆಳಗಾಗಿಯೇ ಬಂದಿತ್ತು. ಅದನ್ನು ನೇರ ಮಾಡಬೇಕಾದರೆ ಈಗಿರುವ ಸ್ಥಿತಿಯಿಂದ ತಲೆಕೆಳಗು ಮಾಡಬೇಕಾಗುತ್ತದೆ, ಅದಕ್ಕೆ ಅವಕಾಶವಿಲ್ಲ. ಅದರ ಮೇಲೆ ಈಗ ಚಹಾದ ತಟ್ಟೆ ಇಡುತ್ತೇವೆ.

ಹೀಗಾಗಿ ಮೇಷ್ಟ್ರ ನಾಲಿಗೆಯನ್ನು ಸಂಸ್ಥೆ ಚೆನ್ನಾಗಿ ನೋಡಿಕೊಂಡಿತ್ತು. ಬಿಸಿ ಚಹಾ ಕುಡಿಯಬಾರದು, ಖಾರ ತಿನ್ನಬಾರದು, ಕೆಲಸದ ಹೊತ್ತಿನಲ್ಲಿ ಸುಮ್ಮನೆ ತುಟಿ ಸವರಿಕೊಳ್ಳಬಾರದು ಎಂದು ನಿಯಮ ಮಾಡಿಕೊಟ್ಟಿದ್ದೆ. ಅವರು ರಜೆ ಹಾಕಿದ ದಿನ ಸಂಸ್ಥೆಯಲ್ಲಿ ಯಾವುದಕ್ಕೂ ರುಚಿ ಇರುತ್ತಿರಲಿಲ್ಲ. ಕ್ಯಾಂಟೀನಿನವನೂ ಅದನ್ನೇ ಕಾರಣವಾಗಿ ಹೇಳುತ್ತಿದ್ದ.

ಆ ವರ್ಷ ಮೇಷ್ಟ್ರಿಗೆ ದೊಡ್ಡ ನೆಗಡಿ ಬಂತು. ಹೋಯಿತು ಕೂಡ. ವಾಪಸ್ಸು ಬಂದ ದಿನ ಅವರು ತರಗತಿಗೆ ಕಹಿಬೇರಿನ ಪಾಠ ಮಾಡಬೇಕಿತ್ತು. ಕಹಿಬೇರು ಜ್ವರದ ಔಷಧ. ಸಾಸಿವೆಯಷ್ಟು ಚೂರು ನಾಲಿಗೆಗೆ ತಾಗಿದರೆ ಸಂಜೆಯವರೆಗೆ ನುಂಗಿದ ಉಗುಳೂ ಕಹಿ. ಎಲ್ಲರಿಗೂ ಒಂದೊಂದು ಚೂರು ಹಂಚಿ ಮೇಷ್ಟ್ರೂ ಒಂದನ್ನು ಬಾಯಿಗೆ ಹಾಕಿಕೊಂಡರು. ಹುಡುಗ ಹುಡುಗಿಯರೆಲ್ಲ ಮುಖ ಹಿಂಡಿಕೊಂಡು ಕಿಟಕಿಯ ಕಡೆಗೆ ಓಡಿದರು. ಮೇಷ್ಟ್ರು ಅಗಿದರು, ಮತ್ತೆ ಅಗಿದರು, ಚಾವಣಿ ನೋಡಿದರು, ಆಮೇಲೆ ಹೇಳಿದರು: “ರುಚಿ ಇಲ್ಲ.”

ಮೊದಲ ಬೆಂಚಿನಲ್ಲಿ ಔಷಧದ ಅಂಗಡಿಯವರ ಮಗಳು ಕೂತಿದ್ದಳು. ಇವಳ ವಿಷಯ ಹೇಳಲೇಬೇಕು. ಉಳಿದವರಿಗೆ ಈ ಪಾಠ ಅಂಕದ ಮಾತು, ಇವಳಿಗೆ ಅನ್ನದ ಮಾತು. ಅವಳ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿತ್ತು. ಅಂಗಡಿಯ ಪರವಾನಗಿ ಅವರ ಹೆಸರಿನಲ್ಲಿತ್ತು, ಸಹಿ ಹಾಕುವ ಕೈಯೇ ಇಲ್ಲವಾದ ಮೇಲೆ ಪರವಾನಗಿ ಇದ್ದೂ ಇಲ್ಲ. ಮನೆಯವರು ಯಾರಾದರೂ ನಮ್ಮ ಮೊದಲ ವರ್ಷದ ಪರೀಕ್ಷೆ ಪಾಸು ಮಾಡಿದರೆ ಅವರ ಹೆಸರಿಗೆ ವರ್ಗ ಮಾಡುತ್ತೇವೆ, ಇಲ್ಲದಿದ್ದರೆ ಬೀಗ ಹಾಕುತ್ತೇವೆ ಎಂದು ಔಷಧ ಇನ್‌ಸ್ಪೆಕ್ಟರು ಹೇಳಿ ಹೋಗಿದ್ದರು. ಮನೆಯಲ್ಲಿ ಇದ್ದವಳು ಇವಳೊಬ್ಬಳೇ.

ಅವಳು ಕಣ್ಣು ಒರೆಸಿಕೊಳ್ಳುತ್ತ, “ಮೇಷ್ಟ್ರೆ, ಸಿಕ್ಕಾಪಟ್ಟೆ ಕಹಿ ಇದೆಯಲ್ಲ” ಎಂದಳು.

“ಯಾರು ಹೇಳಿದ್ದು?”

“ಬಾಯಿ ಹೇಳ್ತಿದೆ.”

“ನಿನ್ನ ಬಾಯಿಗೆ ನೇಮಕಾತಿ ಆದೇಶ ಇದೆಯಾ?” ಎಂದು ಮೇಷ್ಟ್ರು ಕೇಳಿದರು. ಅವರು ಜೋರು ಮಾಡಿ ಕೇಳಲಿಲ್ಲ, ಸ್ವಲ್ಪ ಹೆದರಿಕೊಂಡೇ ಕೇಳಿದರು.

ಪಾಠ ಮುಗಿದ ಮೇಲೆ ಅವರು ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು. “ಏನೂ ಗೊತ್ತಾಗ್ತಿಲ್ಲ ಕಣ್ರೀ” ಎಂದರು. “ಬೆಳಿಗ್ಗೆ ಹೆಂಡತಿ ಕೊಟ್ಟ ಕಾಫಿನೂ ಹಾಗೇ. ಅವಳ ಕಾಫಿ ಮೊದಲಿಂದ್ಲೂ ಹಾಗೇನೇ, ಅದಕ್ಕೇ ತಲೆ ಕೆಡಿಸ್ಕೊಳ್ಳಲಿಲ್ಲ. ಈಗ ಬೇರೂ ಹಾಗೇ ಆಗಿದೆ. ನನ್ನ ಕೆಲ್ಸದ ಗತಿ ಏನು?”

ಅವರ ಮುಖ ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ನಿವೃತ್ತಿಗೆ ಇನ್ನೂ ದೂರವಿದ್ದ ಮನುಷ್ಯ. ನಾನು ನಿಯಮಾವಳಿ ತೆಗೆದು ಆದಿಯಿಂದ ಅಂತ್ಯದವರೆಗೆ ನೋಡಿದೆ. ವಸ್ತುವು ಹಾಳಾಗುವುದಕ್ಕೆ ಒಂದು ಇಡೀ ಅಧ್ಯಾಯವಿತ್ತು. ಹುಳು ಹಿಡಿದು ಹಾಳಾಗುವುದು, ತೇವದಿಂದ ಹಾಳಾಗುವುದು, ದಾರಿಯಲ್ಲಿ ಹಾಳಾಗುವುದು, ಮೊದಲೇ ಹಾಳಾಗಿ ಬರುವುದು. ನಾಲಿಗೆ ಹಾಳಾಗುವುದಕ್ಕೆ ಒಂದು ಸಾಲೂ ಇರಲಿಲ್ಲ.

“ಧೈರ್ಯವಾಗಿರಿ” ಎಂದೆ. “ನಮ್ಮ ನಿಯಮದಲ್ಲಿ ನಾಲಿಗೆ ಕೆಡೋಕೆ ಅವಕಾಶ ಇಲ್ಲ. ಬೇರು ಕೆಟ್ಟಿದೆ.”

ಮೇಷ್ಟ್ರು, “ಅಂತೂ ನನ್ನಿಂದ ಅಲ್ಲ” ಎಂದು ನಿಟ್ಟುಸಿರು ಬಿಟ್ಟರು.

ಹಾಗಾಗಿ ಆ ತಿಂಗಳು ಆಸ್ಪತ್ರೆಗಳಿಗೆ ಹೋಗಬೇಕಾಗಿದ್ದ ಕಹಿಬೇರಿನ ಮೂಟೆಗಳನ್ನೆಲ್ಲ ‘ರುಚಿ ಇಲ್ಲ’ ಎಂದು ತಿರಸ್ಕರಿಸಿದೆವು. ಮಾರನೆಯ ದಿನವೇ ಸರಬರಾಜುದಾರ ಬಂದ. ಊರಿನ ಆಸ್ಪತ್ರೆಗಳಿಗೆಲ್ಲ ಬೇರು ತೊಗಟೆ ಒದಗಿಸುವವನು ಅವನೇ, ಎಲ್ಲರೂ ಅವನನ್ನು ಟೆಂಡರಣ್ಣ ಎನ್ನುವುದು. ಕಂಕುಳಲ್ಲಿ ಒಂದು ಚೀಲ. ನಮ್ಮೆದುರಿಗೇ ಒಂದು ಹಿಡಿ ಬೇರು ಬಾಯಿಗೆ ಹಾಕಿಕೊಂಡು ಕಟಕಟನೆ ಅಗಿದ. ಮುಖ ಹಿಸುಕಿದ ಕಾಗದದಂತಾಯಿತು.

“ನೋಡಿ ಸ್ವಾಮಿ, ಕಣ್ಣಲ್ಲಿ ನೀರು ಬರ್ತಿದೆ. ಇದು ಕಹಿ ಅಲ್ದೆ ಇನ್ನೇನು?”

“ಕಣ್ಣೀರಿಗೆ ಮನೆಯ ಕಾರಣಗಳೂ ಇರಬಹುದು” ಎಂದೆ. “ಕಚೇರಿ ಅದನ್ನು ಪರಿಗಣಿಸೋಕೆ ಬರಲ್ಲ.”

ಅವನು ಬೇರೆ ಬೆಟ್ಟದ ಬೇರು ತರಿಸಿದ. ರುಚಿ ಇಲ್ಲ. ಮಳೆಗಾಲದ ಮುಂಚಿನದು ತರಿಸಿದ. ರುಚಿ ಇಲ್ಲ. ಅಷ್ಟು ಹೊತ್ತಿಗೆ ಆಸ್ಪತ್ರೆಗಳಿಂದ ಔಷಧವೆಲ್ಲಿ ಎಂದು ಒಂದೇ ಸಮನೆ ಫೋನು ಬರತೊಡಗಿತು. ಆಗ ನಿರ್ದೇಶಕರು ಸಭೆ ಕರೆದರು. ನಿರ್ದೇಶಕರು ತೂಕದ ಮನುಷ್ಯ. ಸಭೆಯಲ್ಲಿ ಮೊದಲರ್ಧ ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ, ಉಳಿದರ್ಧ ಕಣ್ಣು ತೆರೆದು ನಿದ್ದೆ ಮಾಡುತ್ತಾರೆ.

“ಎಲ್ಲ ಕಡೆಯ ಬೇರನ್ನೂ ನೋಡಿದ್ದಾಯ್ತಾ?” ಎಂದು ಕೇಳಿದರು.

“ಆಯ್ತು ಸರ್.”

“ಯಾವುದರಲ್ಲೂ ಕಹಿ ಇಲ್ವಾ?”

“ಅಧಿಕೃತವಾಗಿ ಇಲ್ಲ ಸರ್.”

“ಹಾಗಾದ್ರೆ ಕಹಿಬೇರು ಕಹಿ ಅಲ್ಲ. ಇಷ್ಟು ವರ್ಷ ನಾವು ತಪ್ಪು ಪಾಠ ಮಾಡಿದೀವಿ. ತಿದ್ದಿ.”

ಅಂದು ಮಧ್ಯಾಹ್ನ ನಾನು ಬರೆದ ಪ್ರಕಟಣೆಯನ್ನು ಇವತ್ತಿಗೂ ಹೊಸ ಗುಮಾಸ್ತರಿಗೆ ಮಾದರಿ ಎಂದು ತೋರಿಸುತ್ತಾರೆ. ಅದರ ಮುಖ್ಯ ಭಾಗ ಹೀಗಿದೆ: ‘ಕಹಿಬೇರು ಎಂಬ ಹೆಸರಿನಿಂದ ಈವರೆಗೆ ಪ್ರಚಲಿತವಾಗಿದ್ದ ಬೇರಿಗೆ ಯಾವುದೇ ರುಚಿ ಇರುವುದಿಲ್ಲವೆಂದು ತಿಳಿಯತಕ್ಕದ್ದು. ಹೆಸರಿನಲ್ಲಿರುವ ಕಹಿಯು ಜನರನ್ನು ದಾರಿ ತಪ್ಪಿಸುವಂತಿರುವುದರಿಂದ, ಇನ್ನು ಮುಂದೆ ಸದರಿ ಬೇರನ್ನು ಮಾಜಿ ಕಹಿಬೇರು ಎಂದು ಕರೆಯತಕ್ಕದ್ದು. ಸದರಿ ಬೇರನ್ನು ಅಗಿಯುವಾಗ ಮುಖ ಹಿಂಡುವುದು, ಕಣ್ಣು ಕಿರಿದು ಮಾಡುವುದು, ಥೂ ಎನ್ನುವುದು ಮುಂತಾದ ವರ್ತನೆಗಳನ್ನು ಸಂಸ್ಥೆಯ ತೀರ್ಮಾನದ ವಿರುದ್ಧ ಮುಖಭಾವದಿಂದ ಸಲ್ಲಿಸಿದ ತಕರಾರು ಎಂದು ಪರಿಗಣಿಸಲಾಗುವುದು.’

ಪಠ್ಯಪುಸ್ತಕದ ಪುಟಕ್ಕೆ ತಿದ್ದುಪಡಿ ಚೀಟಿ ಅಂಟಿಸಿದೆವು. ಮಾದರಿ ಬೇರು ಇಟ್ಟಿದ್ದ ಗಾಜಿನ ಭರಣಿಯ ಚೀಟಿಯನ್ನೂ ಬದಲಿಸಿದೆವು. ‘ಮಾಜಿ’ ಎಂಬುದನ್ನು ಬರೆಯಲು ಚೀಟಿಯಲ್ಲಿ ಜಾಗ ಸಾಲದೆ ಭರಣಿಯನ್ನೇ ದೊಡ್ಡದು ತರಿಸಬೇಕಾಯಿತು, ಅದರ ಖರ್ಚಿಗೆ ಪ್ರತ್ಯೇಕ ಮಂಜೂರಾತಿ ಸಿಕ್ಕಿತು.

ಟೆಂಡರಣ್ಣ ಪ್ರಕಟಣೆಯನ್ನು ಗೋಡೆಯ ಮೇಲೆ ಓದಿದ. ತಲೆ ಆಡಿಸುತ್ತ ಇನ್ನೊಮ್ಮೆ ಓದಿದ. ನಾಲ್ಕು ದಿನ ಕಳೆದು ಹೊಸ ಮೂಟೆಗಳನ್ನು ಕಳಿಸಿದ. ಬಣ್ಣ ಚೆನ್ನಾಗಿತ್ತು, ಸ್ವಲ್ಪ ಕೈಗೂ ಹತ್ತುತ್ತಿತ್ತು. ಒಂದು ತುಂಡಿನಲ್ಲಿ ಮೊಳೆ ಹೊಡೆದ ತೂತಿತ್ತು, ಇನ್ನೊಂದರಲ್ಲಿ ವಾರ್ನಿಷ್ ವಾಸನೆ. ಊರಿನ ಬಡಗಿಗಳ ಅಂಗಳ ಆ ವಾರ ಎಂದಿಲ್ಲದಷ್ಟು ಚೊಕ್ಕಟವಾಗಿತ್ತೆಂದು ಕೇಳಿದ್ದೇನೆ. ಮೇಷ್ಟ್ರು ಒಂದು ಚೂರು ಅಗಿದು, “ರುಚಿ ಇಲ್ಲ” ಎಂದರು. ಮಾಲು ಪಾಸಾಯಿತು. ರುಚಿಯ ವಿಷಯದಲ್ಲಿ ಅಷ್ಟು ನಿಖರವಾದ ಮಾಲು ನಮಗೆ ಹಿಂದೆಂದೂ ಬಂದಿರಲಿಲ್ಲ.

ಆಸ್ಪತ್ರೆಗಳಿಂದ ಮೆಚ್ಚುಗೆ ಬಂತು. ಮೊದಲೆಲ್ಲ ಮಕ್ಕಳನ್ನು ಇಬ್ಬರು ಹಿಡಿದು ಮೂಗು ಒತ್ತಿ ಕಷಾಯ ಕುಡಿಸಬೇಕಿತ್ತಂತೆ. ಈಗ ಅವರೇ ಲೋಟ ಚಾಚುತ್ತಾರಂತೆ. ಮುದುಕರು ಎರಡನೆಯ ಲೋಟ ಕೇಳುತ್ತಾರಂತೆ. ಜ್ವರ ಇಳಿಯುತ್ತಿಲ್ಲವೆಂದು ಒಬ್ಬ ವೈದ್ಯರು ಕೊನೆಯಲ್ಲಿ ಒಂದು ಮಾತು ಸೇರಿಸಿದ್ದರು. ಜ್ವರ ಇಳಿಯುವುದು ಬಿಡುವುದು ನಮ್ಮ ವಿಭಾಗಕ್ಕೆ ಸೇರಿದ್ದಲ್ಲ. ನಮ್ಮದು ಗುರುತು ಹಿಡಿಯುವುದಷ್ಟೆ.

ಇತ್ತ ಪರೀಕ್ಷೆ ಹತ್ತಿರ ಬಂತು. ಪರೀಕ್ಷೆಗೆ ಮಾತ್ರ ಭರಣಿಯಲ್ಲಿರುವ ಹಳೆಯ ಬೇರನ್ನೇ ಕೊಡಬೇಕೆಂದು ನಿಯಮ, ಅದನ್ನು ತಿದ್ದಲು ನನಗೆ ಪುರುಸೊತ್ತಾಗಿರಲಿಲ್ಲ. ಮುಖ ಹಿಂಡಿದರೆ ಫೇಲು ಎಂದು ಗೊತ್ತಾದ ಮೇಲೆ ವಿದ್ಯಾರ್ಥಿಗಳು ಗಂಭೀರವಾಗಿ ಓದು ಬಿಟ್ಟು ಅಭ್ಯಾಸಕ್ಕೆ ಇಳಿದರು. ನಿರ್ದೇಶಕರ ಭಾವಮೈದುನ ಬಸ್ ನಿಲ್ದಾಣದ ಎದುರು ಮಹಡಿಯ ಮೇಲೆ ಮುಖ ತರಬೇತಿ ಕೇಂದ್ರ ತೆರೆದ. ‘ಒಂದೇ ವಾರದಲ್ಲಿ ಭಾವರಹಿತ ಮುಖ, ಹುಡುಗಿಯರಿಗೆ ಪ್ರತ್ಯೇಕ ಕೊಠಡಿ’ ಎಂದು ಫಲಕ. ಕೈಯಲ್ಲಿ ಕಾಸಿದ್ದವರ ಮಕ್ಕಳು ಅಲ್ಲಿ ಸೇರಿದರು. ಅಲ್ಲಿಂದ ಇಳಿದು ಬರುವವರನ್ನು ಹೆತ್ತ ತಾಯಿ ಮಾತಾಡಿಸಿದರೂ ಮುಖದಲ್ಲಿ ಏನೂ ಆಗುತ್ತಿರಲಿಲ್ಲ.

ಅಂಗಡಿಯವರ ಮಗಳಿಗೆ ಅಷ್ಟು ಅನುಕೂಲವಿರಲಿಲ್ಲ. ಅವಳಿಗೆ ಅಪ್ಪನೇ ತರಬೇತಿ ಕೊಟ್ಟರು. ಅಂಗಡಿ ನನ್ನ ಮನೆಯ ದಾರಿಯಲ್ಲೇ ಇದ್ದುದರಿಂದ ಸಂಜೆ ಹೊತ್ತು ನಾನೇ ನೋಡಿದ್ದೇನೆ. ಕಪಾಟಿನ ಮುಂದಿನ ಕುರ್ಚಿಯಲ್ಲಿ ಅಪ್ಪ ಕೂತು, ಆಡುತ್ತಿದ್ದ ಎಡಗೈಯಲ್ಲಿ ಕನ್ನಡಿ ಎತ್ತಿ ಹಿಡಿಯುತ್ತಿದ್ದರು. ಎದುರಿಗೆ ಸ್ಟೂಲಿನ ಮೇಲೆ ಮಗಳು ಬೇರಿನ ಚೂರು ಬಾಯಿಗಿಟ್ಟುಕೊಳ್ಳುತ್ತಿದ್ದಳು.

“ಹುಬ್ಬು ಇಳಿಸು” ಎನ್ನುತ್ತಿದ್ದರು ಅಪ್ಪ. ಅವರ ಮಾತು ಸ್ವಲ್ಪ ತೊದಲುತ್ತಿತ್ತು. “ಮೂಗು... ಮೂಗು ಬಿಡು. ಏನಾದ್ರೂ ಒಳ್ಳೇದು ನೆನಸ್ಕೋ.”

“ಯಾವ್ದು ನೆನಸ್ಕೊಂಡ್ರೂ ಅದೂ ಕಹಿಯಾಗುತ್ತಪ್ಪ.”

“ಆಗ್ಲಿ. ಕಹಿ ಅಂತ ಗೊತ್ತಾಗೋದು ತಪ್ಪಲ್ಲ. ಗೊತ್ತಾಗಿದ್ದು ಗೊತ್ತಾಗ್ಬಾರ್ದು ಅಷ್ಟೆ.”

ಪರೀಕ್ಷೆಯ ದಿನ ಮೇಜಿನ ಆ ಕಡೆ ಮೇಷ್ಟ್ರು, ಪಕ್ಕದಲ್ಲಿ ನಿಯಮ ಪಾಲನೆಗಾಗಿ ನಾನು. ತರಬೇತಿ ಕೇಂದ್ರದವರು ಒಬ್ಬೊಬ್ಬರಾಗಿ ಬಂದು, ಗೋಡೆ ಅಗಿದ ಹಾಗೆ ಅಗಿದು, “ರುಚಿ ಇಲ್ಲ” ಎಂದು ಹೇಳಿ ಪಾಸಾಗಿ ಹೋದರು. ಇವಳು ಬಂದಳು. ಬೇರನ್ನು ನೋಡಿ ಬಣ್ಣ ಹೇಳಿದಳು, ಮುರಿದು ನಾರು ತೋರಿಸಿದಳು, ಎಲ್ಲ ಸರಿ. ಚೂರನ್ನು ಬಾಯಿಗಿಟ್ಟುಕೊಂಡಳು. ಎರಡೂ ಕೈಯಿಂದ ಸ್ಟೂಲಿನ ಅಂಚು ಹಿಡಿದುಕೊಂಡಳು.

“ರುಚಿ?” ಎಂದರು ಮೇಷ್ಟ್ರು.

“ಇ... ಇಲ್ಲ” ಎಂದಳು. ಅಷ್ಟರಲ್ಲಿ ಮುಖ ಪೂರ್ತಿ ಮುದುಡಿಹೋಗಿತ್ತು. ಕಣ್ಣಿಂದ ನೀರು ಇಳಿದು ಗಲ್ಲದ ತುದಿಗೆ ಬಂದಿತ್ತು.

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ನಿಯಮ ನೋಡಿದೆ. ಫಲಿತಾಂಶದ ಕಾಲಂನಲ್ಲಿ ಹೀಗೆ ಬರೆದೆವು: ‘ಉತ್ತರ ಸರಿ. ಮುಖ ತಪ್ಪು. ಅನುತ್ತೀರ್ಣ.’

ಮಾರನೆಯ ವಾರ ಇನ್‌ಸ್ಪೆಕ್ಟರು ಅಂಗಡಿಗೆ ಬೀಗ ಹಾಕಲು ಬಂದರು. ನಾನು ಕಚೇರಿಗೆ ಹೊರಟಿದ್ದವನು ನಿಂತು ನೋಡಿದೆ. ಗುಳಿಗೆ, ಮುಲಾಮು, ಸೀಸೆ ಎಲ್ಲವನ್ನೂ ಡಬ್ಬಕ್ಕೆ ತುಂಬಿಸಿದರು. ‘ಔಷಧ ಭಂಡಾರ’ ಎಂಬ ಫಲಕ ಇಳಿಸಿದರು. ಅಪ್ಪ ಕುರ್ಚಿಯಲ್ಲಿ ಕೂತು ಒಂದೊಂದು ಸೀಸೆ ಇಳಿದಾಗಲೂ ಅದರ ಹೆಸರು ಹೇಳುತ್ತಿದ್ದರು, ಯಾರೂ ಕೇಳಿರಲಿಲ್ಲ. ಮಗಳು ಖಾಲಿ ಕಪಾಟಿನ ಧೂಳು ಒರೆಸುತ್ತಿದ್ದಳು. ಕೊನೆಗೆ ಮೂಲೆಯಲ್ಲಿ ಒಂದು ಮೂಟೆ ಉಳಿಯಿತು.

“ಇದೇನು?” ಎಂದರು ಇನ್‌ಸ್ಪೆಕ್ಟರು.

“ಕಹಿಬೇರು” ಎಂದಳು ಮಗಳು.

“ಮಾಜಿ ಅನ್ನಬೇಕು.” ಅವರು ಒಂದು ಚೂರು ತೆಗೆದು ಬಾಯಿಗಿಟ್ಟುಕೊಂಡರು. ಮರುಕ್ಷಣ ಬಾಗಿಲಿಗೆ ಓಡಿ ಉಗಿದು, ಕರವಸ್ತ್ರದಿಂದ ನಾಲಿಗೆ ಒರೆಸಿಕೊಂಡು, ಜೇಬಿನಿಂದ ನನ್ನ ಪ್ರಕಟಣೆ ತೆಗೆದು ಓದಿದರು. “ಮಾಜಿ ಕಹಿಬೇರಿಗೆ ರುಚಿ ಇಲ್ಲ. ಇದು ವಿಷದ ಹಾಗೆ ಕಹಿ ಇದೆ. ಅಂದ್ರೆ ಇದು ಅದಲ್ಲ. ಪಟ್ಟೀಲಿರೋ ಬೇರೆ ಯಾವುದೂ ಅಲ್ಲ. ಒಟ್ಟಿನಲ್ಲಿ ಇದು ಔಷಧಾನೇ ಅಲ್ಲ.”

“ಹಾಗಾದ್ರೆ ಜಪ್ತಿ ಮಾಡಲ್ವಾ?”

“ಔಷಧ ಅಲ್ಲದ್ದನ್ನ ಜಪ್ತಿ ಮಾಡೋಕೆ ನನಗೆ ಅಧಿಕಾರ ಇಲ್ಲಮ್ಮ. ಕಟ್ಟಿಗೆ ಅಂತ ಇಟ್ಕೊಳ್ಳಿ.”

“ಮಾರಬಹುದಾ?”

“ಕಟ್ಟಿಗೆ ಮಾರೋಕೆ ಯಾರ ಅಪ್ಪಣೆ ಬೇಕು?” ಎಂದರು ಇನ್‌ಸ್ಪೆಕ್ಟರು. ಹಾಗಾದರೆ ಬಾಗಿಲಿಗೆ ಬೀಗ ಹಾಕುವ ಅಗತ್ಯವೂ ಇಲ್ಲವಲ್ಲ ಎಂದು ಅವರಿಗೇ ಹೊಳೆಯಿತು. ತಂದ ಬೀಗವನ್ನು ವಾಪಸ್ಸು ತೆಗೆದುಕೊಂಡು ಹೋದರು.

ಆಮೇಲೆ ಕೆಲವು ದಿನ ನಾನು ಆ ಕಡೆ ಗಮನ ಕೊಡಲಿಲ್ಲ. ನನ್ನ ತಾಯಿಗೆ ಜ್ವರ ಬಂದಿತ್ತು. ಆಸ್ಪತ್ರೆಯಿಂದ ನಮ್ಮ ಸಂಸ್ಥೆಯೇ ಪ್ರಮಾಣೀಕರಿಸಿದ ಪುಡಿ ತಂದು ಹೆಂಡತಿ ಕಷಾಯ ಮಾಡಿಕೊಟ್ಟಳು. ಅಮ್ಮ ಒಂದು ಗುಟುಕು ಕುಡಿದು, “ಯಾರ ಮನೆ ಕುರ್ಚಿ ಬೇಯಿಸಿದ್ದು?” ಎಂದಳು. ಮೂರು ದಿನ ಕುರ್ಚಿಯನ್ನೇ ಕುಡಿಸಿದೆವು. ಜ್ವರ ಏರುತ್ತ ಹೋಯಿತು. ಮಾತು ಕಡಿಮೆಯಾಯಿತು, ನನ್ನನ್ನು ತನ್ನ ತಮ್ಮನೆಂದು ತಿಳಿದು ಗದರತೊಡಗಿದಳು. ಆಗ ಹೆಂಡತಿ ಒಂದು ಚೀಲ ನನ್ನ ಕೈಗೆ ತುರುಕಿದಳು.

“ಅಂಗಡಿಯವರ ಮಗಳ ಹತ್ರ ಹೋಗಿ ತನ್ನಿ.”

“ಅದು ಔಷಧ ಅಲ್ಲ ಕಣೇ.”

“ಗೊತ್ತು. ನೀವೇ ಬರ್ದಿದ್ದಲ್ವಾ. ಬೇಗ ಹೋಗಿ.”

ಹೋದೆ. ಅಂಗಡಿಯ ಮುಂದೆ ಸಾಲು ರಸ್ತೆಯ ತಿರುವಿನವರೆಗೆ ಇತ್ತು. ಹೊಸ ಫಲಕದಲ್ಲಿ ‘ಔಷಧವಲ್ಲದ ಬೇರು’ ಎಂದು ಮಗಳೇ ಬರೆದಿದ್ದಳು, ಅಕ್ಷರ ಚೆನ್ನಾಗಿತ್ತು. ಸಾಲಿನಲ್ಲಿ ನನ್ನ ಮುಂದೆ ಜ್ವರ ಇಳಿಯುತ್ತಿಲ್ಲವೆಂದು ಬರೆದಿದ್ದ ವೈದ್ಯರು, ಅವರ ಮುಂದೆ ನಿರ್ದೇಶಕರ ಹೆಂಡತಿ, ಅವರ ಮುಂದೆ ಟೆಂಡರಣ್ಣ. ಎಲ್ಲರ ಮುಂದೆ ಮೇಷ್ಟ್ರು ಚೀಲ ಹಿಡಿದು ನಿಂತಿದ್ದರು.

“ಮನೇಲಿ ಯಾರಿಗೆ ಜ್ವರ?” ಎಂದು ವೈದ್ಯರನ್ನು ಕೇಳಿದೆ.

“ಯಾರಿಗೂ ಇಲ್ಲ. ಹೀಗೇ, ಒಲೆಗೆ ಒಂದಿಷ್ಟು ಕಟ್ಟಿಗೆ ಬೇಕಿತ್ತು. ನಿಮಗೆ?”

“ನಮಗೂ ಒಲೆಗೇ” ಎಂದೆ. ಇಬ್ಬರ ಮನೆಯಲ್ಲೂ ಗ್ಯಾಸ್ ಇತ್ತು.

ಟೆಂಡರಣ್ಣ ಬರೀ ಗಿರಾಕಿಯಾಗಿರಲಿಲ್ಲ. ನಾವು ತಿರಸ್ಕರಿಸಿದ ಹಳೆಯ ಮೂಟೆಗಳನ್ನೆಲ್ಲ ಅವನೇ ಇವಳಿಗೆ ಮಾರಿ, ಮಗನಿಗೆ ಜ್ವರ ಬಂದದ್ದರಿಂದ ಒಂದಿಷ್ಟನ್ನು ತಿರುಗಿ ಕೊಳ್ಳಲು ಬಂದಿದ್ದ. ಇವಳು ಅವನಿಗೆ ಚಿಲ್ಲರೆ ದರ ಹಾಕಿದಳು. ಅವನು ತಕರಾರು ಮಾಡಲಿಲ್ಲ.

ಅಮ್ಮ ಆ ಕಷಾಯ ಕುಡಿದು ನನಗೂ ನನ್ನ ಹೆಂಡತಿಗೂ ಬಾಯಿಗೆ ಬಂದಂತೆ ಬೈದಳು. ಎರಡು ದಿನದಲ್ಲಿ ಎದ್ದು ಕೂತು ನನ್ನನ್ನು ನನ್ನ ಹೆಸರಿನಿಂದಲೇ ಬೈದಳು. ನಾನು ಅಡುಗೆಮನೆಗೆ ಹೋಗಿ ಒಬ್ಬನೇ ಅತ್ತೆ. ಒಲೆಗೆ ತಂದದ್ದನ್ನು ಮುದುಕಿ ಕುಡಿದದ್ದೂ ಜ್ವರ ಬಿಟ್ಟದ್ದೂ ಕಾಕತಾಳೀಯವೆಂದು ಆಮೇಲೆ ಮುಖ ತೊಳೆದುಕೊಂಡು ತೀರ್ಮಾನಿಸಿದೆ.

ಹೀಗೆ ವರ್ಷ ಕಳೆಯಿತು. ಎಲ್ಲವೂ ಸುಗಮವಾಗಿತ್ತು. ಔಷಧವನ್ನು ಆಸ್ಪತ್ರೆ ಕೊಡುತ್ತಿತ್ತು, ಗುಣವಾಗಬೇಕೆಂದಿದ್ದವರು ಕಟ್ಟಿಗೆ ಕೊಳ್ಳುತ್ತಿದ್ದರು. ಆಗ ಅಂಗಡಿಯವರ ಮಗಳು ಮತ್ತೆ ಪರೀಕ್ಷೆಗೆ ಅರ್ಜಿ ಹಾಕಿದಳು.

ಅರ್ಜಿ ನನ್ನ ಮೇಜಿಗೆ ಬಂದ ಕೂಡಲೇ ನನಗೆ ಬೆವರು ಬಂತು. ಅವಳು ಪಾಸಾದರೆ ಪರವಾನಗಿ ಸಿಗುತ್ತದೆ. ಪರವಾನಗಿ ಸಿಕ್ಕರೆ ಅಂಗಡಿ ನಮ್ಮ ನಿಯಮದ ಕೆಳಗೆ ಬರುತ್ತದೆ. ನಿಯಮದ ಕೆಳಗೆ ಬಂದರೆ ಅವಳು ಪ್ರಮಾಣಿತ ಮಾಲನ್ನೇ ಮಾರಬೇಕು, ಎಂದರೆ ಟೆಂಡರಣ್ಣನ ಕುರ್ಚಿ. ಔಷಧವಲ್ಲವೆಂದು ತೀರ್ಮಾನವಾದ ಕಹಿಬೇರಿನ ಮೂಟೆಗಳನ್ನು ಅಂಗಡಿಯಲ್ಲಿಟ್ಟರೆ ಕಲಬೆರಕೆಯ ಅಪರಾಧ.

ನಿರ್ದೇಶಕರು ತುರ್ತು ಸಭೆ ಕರೆದರು. ಅಂದು ಮಾತ್ರ ಅವರು ಪೂರ್ತಿ ಎಚ್ಚರವಾಗಿದ್ದರು, ಮನೆಯಲ್ಲಿ ಮೊಮ್ಮಗಳಿಗೆ ಮೈ ಬೆಚ್ಚಗಿತ್ತಂತೆ.

“ಆ ಹುಡುಗಿ ಪಾಸಾಗ್ಬಾರ್ದು” ಎಂದರು.

“ಹೋದ ಸಲ ಮುಖದಲ್ಲಿ ಫೇಲಾಗಿದ್ಲು ಸರ್. ಈ ಸಲಾನೂ ಹಾಗೇ ಆಗಬಹುದು” ಎಂದೆ.

ಆಗಲಿಲ್ಲ. ವರ್ಷವಿಡೀ ಬಂದವರಿಗೆಲ್ಲ ಅಗಿದು ತೋರಿಸಿ ಮಾರಿ ಮಾರಿ ಅವಳಿಗೆ ಆ ಕಹಿ ಮನೆಯ ನೆಂಟನಂತಾಗಿತ್ತು. ಸ್ಟೂಲಿನ ಮೇಲೆ ಕೂತಳು. ಬಣ್ಣ ಹೇಳಿದಳು, ಮುರಿದು ತೋರಿಸಿದಳು, ಚೂರು ಬಾಯಿಗಿಟ್ಟುಕೊಂಡಳು. ಹುಬ್ಬು ಅಲುಗಲಿಲ್ಲ. ಮೂಗು ಅಲುಗಲಿಲ್ಲ. ತರಬೇತಿ ಕೇಂದ್ರದ ಯಾವ ಹುಡುಗನೂ ಆ ಮಟ್ಟಕ್ಕೆ ಏರಿರಲಿಲ್ಲ.

“ರುಚಿ?” ಎಂದರು ಮೇಷ್ಟ್ರು, ಅಳು ಬಂದವರ ಹಾಗೆ.

“ಇಲ್ಲ” ಎಂದಳು.

ಉತ್ತರ ಸರಿ, ಮುಖ ಸರಿ. ಮೇಷ್ಟ್ರು ನನ್ನನ್ನು ನೋಡಿದರು. ಸೇವೆಗೆ ಸೇರಿದಂದಿನಿಂದ ನಿಯಮ ನನ್ನ ಕೈಬಿಟ್ಟದ್ದಿಲ್ಲ, ಅಂದೂ ಬಿಡಲಿಲ್ಲ. ಅಲ್ಲೇ ಕೂತು ಒಂದು ಉಪನಿಯಮ ಬರೆದು, ನಿರ್ದೇಶಕರ ಸಹಿ ತರಿಸಿ, ಅದರ ಅಡಿಯಲ್ಲಿ ಫಲಿತಾಂಶ ದಾಖಲಿಸಿದೆ: ‘ಅಭ್ಯರ್ಥಿಯ ಮುಖವು ಅಗತ್ಯಕ್ಕಿಂತ ಹೆಚ್ಚು ಸರಿಯಾಗಿರುತ್ತದೆ. ಅನುತ್ತೀರ್ಣ.’

ಅದನ್ನು ಅವಳಿಗೆ ಓದಿ ಹೇಳಿದೆ. ಬೇರಿಗೆ ಅಳದಿದ್ದವಳು ಈಗ ಅತ್ತಳು. “ಈ ಸಲ ಏನ್ ತಪ್ಪು ಮಾಡ್ದೆ ಸರ್? ಅಪ್ಪ ಬೆಳಿಗ್ಗೆಯಿಂದ ಹೊಸ ಅಂಗಿ ಹಾಕ್ಕೊಂಡು ಕೂತಿದಾರೆ. ಹಳೇ ಫಲಕ ತೊಳೆಸಿಟ್ಟಿದಾರೆ.”

ಮೇಷ್ಟ್ರು ಮೇಜಿನ ಮೇಲೆ ಬಾಗಿ ತಗ್ಗಿದ ದನಿಯಲ್ಲಿ ಕೇಳಿದರು: “ಒಂದ್ ಮಾತು ಕೇಳ್ತೀನಿ, ಮಗಳೇ. ಇನ್ನೂ ಕಹಿ ಇದೆಯಾ ಅದು?”

“ಇದೆ ಮೇಷ್ಟ್ರೆ. ಮೊದಲಿನ ಹಾಗೇ ಇದೆ.”

“ಸದ್ಯ” ಎಂದರು ಮೇಷ್ಟ್ರು. “ಅದು ಹಾಗೇ ಇರ್ಬೇಕು ಅಂದ್ರೆ ನೀನೂ ಹೀಗೇ ಇರ್ಬೇಕಮ್ಮ. ನೀನು ಪಾಸಾದ್ರೆ ನಾನು ಬಂದು ಅದನ್ನ ರುಚಿ ನೋಡ್ಬೇಕಾಗುತ್ತೆ. ನಾನು ನೋಡಿದ್ರೆ ಆಯ್ತು, ಅದರ ಕಥೆ ಮುಗೀತು.”

ಅವಳು ನಮ್ಮಿಬ್ಬರನ್ನೂ ಒಂದು ಗಳಿಗೆ ನೋಡಿದಳು. ಕಣ್ಣು ಒರೆಸಿಕೊಂಡಳು. “ಇದನ್ನ ಅಪ್ಪನಿಗೆ ನಾನು ಹೇಳಲ್ಲ. ನೀವೇ ಬಂದು ಹೇಳಿ” ಎಂದಳು.

ಸಂಜೆ ನಾನೇ ಹೋದೆ. ಸಾಲು ಎಂದಿನಂತೆಯೇ ಇತ್ತು. ಅಪ್ಪ ಹೊಸ ಅಂಗಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು, ತೊಡೆಯ ಮೇಲೆ ಸಕ್ಕರೆಯ ಡಬ್ಬಿ. ನಾನು ಎದುರಿಗೆ ನಿಂತು ಫಲಿತಾಂಶವನ್ನು, ಕಾರಣವನ್ನು, ಕಾರಣದ ಕಾರಣವನ್ನು, ಯಾವ ಉಪನಿಯಮದ ಅಡಿಯಲ್ಲಿ ಎಂಬುದನ್ನು ಸೇರಿಸಿ ವಿವರವಾಗಿ ಹೇಳಿದೆ. ಸಾಲಿನಲ್ಲಿದ್ದವರೂ ಮಾತು ನಿಲ್ಲಿಸಿ ಕೇಳಿಸಿಕೊಂಡರು. ಅಪ್ಪ ಖಾಲಿ ಕಪಾಟು ನೋಡಿದರು, ಮೂಟೆ ನೋಡಿದರು, ಬೇರು ತೂಗುತ್ತಿದ್ದ ಮಗಳ ಕೈ ನೋಡಿದರು. ಆಮೇಲೆ ಎಡಗೈಯಿಂದ ಡಬ್ಬಿಯ ಮುಚ್ಚಳ ತೆಗೆದು, ಸಾಲಿನಲ್ಲಿದ್ದ ಒಬ್ಬೊಬ್ಬರಿಗೂ ಚಿಟಿಕೆ ಚಿಟಿಕೆ ಸಕ್ಕರೆ ಹಂಚಿದರು. ‘ಮಗಳು ಫೇಲು’ ಎಂದು ಎಲ್ಲರಿಗೂ ತಾವೇ ಹೇಳಿದರು. ಎಲ್ಲರೂ ಸಂತೋಷವಾಯಿತು ಎಂದರು. ನಿರ್ದೇಶಕರ ಹೆಂಡತಿ ಮಗಳ ತಲೆ ಸವರಿ, ಮುಂದೆಯೂ ಹೀಗೇ ಆಗಲಿ ಎಂದು ಹರಸಿದರು.

ನಾನು ಹೊರಟಾಗ ಅಪ್ಪ ನನ್ನ ಕೈ ಹಿಡಿದುಕೊಂಡರು.

“ಮುಂದಿನ ವರ್ಷಾನೂ ಬರೀತಾಳೆ ಸ್ವಾಮಿ. ಅವಳಿಗೆ ಓದಿನ ಹುಚ್ಚು. ನೀವು ಕೈಬಿಡ್ಬೇಡಿ.”

“ಆ ಯೋಚನೆ ನಿಮಗೆ ಬೇಡ” ಎಂದೆ. “ನಮ್ಮ ಸಂಸ್ಥೆ ಇರೋತನಕ ನಿಮ್ಮ ಮಗಳು ಪಾಸಾಗಲ್ಲ.”

ಅವರ ಕಣ್ಣು ತುಂಬಿ ಬಂತು. ಒಳಗಡೆ ಮಗಳು ತಕ್ಕಡಿಯಿಂದ ತಲೆಯೆತ್ತದೆ ಮುಂದಿನವರು ಬನ್ನಿ ಎಂದು ಕರೆದಳು.